ಕ್ಯಾಸೆಟ್ ಬ್ಯಾಟರಿ ಕಿಟ್ ವಿಮರ್ಶೆ: ಸೇವ್ ಮೊದಲು, ಸೆಲ್ ಆಮೇಲೆ

ಗಲ್ಫಿನಿಂದ ಸೂಟ್‌ಕೇಸ್‌ನಲ್ಲಿ ಬಂದಿಳಿದ, ನಿಂಟೆಂಡೋ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್‌ಗಳು ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಉಂಟು. ಸೆಲ್ ಹಾಕಿದರೆ ಆನ್ ಆಗುತ್ತದೆ, ಆಟವೂ ಬರುತ್ತದೆ. ಆದರೆ ‘ಕಂಟಿನ್ಯೂ’ ಇರಬೇಕಾದಲ್ಲಿ ‘ನ್ಯೂ ಗೇಮ್’ ಒಂದೇ ಕಾಣುತ್ತದೆ. ಇಂಥವರನ್ನೇ ಗುರಿಯಾಗಿಟ್ಟುಕೊಂಡು ಆನ್‌ಲೈನ್‌ನಲ್ಲಿ ಆಟದ ಕ್ಯಾಸೆಟ್ ಒಳಗಿನ ಸತ್ತ ಸೆಲ್ ಬದಲಿಸುವ ‘ಕಾರ್ಟ್ರಿಡ್ಜ್ ಬ್ಯಾಟರಿ ಕಿಟ್’ಗಳು ಮಾರಾಟಕ್ಕಿವೆ. ನಾಲ್ಕೈದು ಸೆಲ್, ಒಂದೆರಡು ವಿಚಿತ್ರ ಸ್ಕ್ರೂಡ್ರೈವರ್, ಒಂದು ಸುರುಳಿ ಟೇಪ್, ಕೆಲವದರಲ್ಲಿ ಬಡಕಲು ಸೋಲ್ಡರಿಂಗ್ ಐರನ್. ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಕಿಟ್ ಇಡಿಯಾಗಿ ಕೊಳ್ಳಬೇಡಿ. ಅದರಲ್ಲಿ ಬೇಕಾದ ಸಾಮಾನು ಎರಡೇ, ಎರಡೂ ಬಿಡಿಯಾಗಿ ತೆಗೆದುಕೊಂಡರೆ ಗುಣಮಟ್ಟ ಚೆನ್ನಾಗಿರುತ್ತದೆ. ನಿಜಕ್ಕೂ ಬೇಕಾದ ಮೂರನೆಯದು, ಅಂದರೆ ಸೇವ್ ಅನ್ನು (ಆಡಿ ಉಳಿಸಿಟ್ಟ ಆಟದ ಲೆಕ್ಕವನ್ನು) ಕಂಪ್ಯೂಟರಿಗೆ ಇಳಿಸುವ ರೀಡರ್, ಯಾವ ಕಿಟ್‌ನಲ್ಲೂ ಬರುವುದಿಲ್ಲ.

ಕ್ಯಾಸೆಟ್ ಒಳಗೆ ಆಟ ಇರುವುದು ಮಾಸ್ಕ್ ರೋಮ್ ಚಿಪ್‌ನಲ್ಲಿ. ಅದು ಕಾರ್ಖಾನೆಯಲ್ಲೇ ಅಚ್ಚಾದದ್ದು, ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ. ನೀವು ಆಡಿದ್ದರ ಲೆಕ್ಕ ಇರುವುದು ಪಕ್ಕದ ಎಸ್‌ರ‍್ಯಾಮ್ ಚಿಪ್‌ನಲ್ಲಿ. ಅದಕ್ಕೆ ಸದಾ ಒಂಚೂರು ಕರೆಂಟ್ ಬೇಕು. ಕನ್ಸೋಲ್ ಆಫ್ ಇದ್ದಾಗ ಆ ಕರೆಂಟ್ ಕೊಡುವುದು 3 ವೋಲ್ಟಿನ ಲಿಥಿಯಂ ನಾಣ್ಯದ ಸೆಲ್. ಈ ಸೆಲ್ ಚಾರ್ಜ್ ಆಗುವಂಥದ್ದಲ್ಲ. ಆಟ ಆಡುತ್ತಿದ್ದರೆ ಬ್ಯಾಟರಿ ತುಂಬಿಕೊಳ್ಳುತ್ತದೆ ಎಂಬುದು ಬರೀ ನಂಬಿಕೆ. ಆಡುವಷ್ಟು ಹೊತ್ತು ಅದರ ಖರ್ಚು ಉಳಿಯುತ್ತದೆ, ಅಷ್ಟೆ.

ಆಯುಸ್ಸಿನ ಲೆಕ್ಕ ಸುಲಭ. ಸಿಆರ್2032 ಸೆಲ್‌ನ ಸಾಮರ್ಥ್ಯ ಸುಮಾರು 220 ಮಿಲಿ ಆಂಪ್ ಅವರ್. ಚಿಪ್ 1 ಮೈಕ್ರೋ ಆಂಪ್ ಎಳೆದರೆ 2,20,000 ಗಂಟೆ, ಅಂದರೆ 25 ವರ್ಷ. ಸಿಆರ್1616ರಲ್ಲಿ ಇರುವುದು ಸುಮಾರು 55 ಮಿಲಿ ಆಂಪ್ ಅವರ್ ಮಾತ್ರ. ಅಷ್ಟೇ ಎಳೆತಕ್ಕೆ ಅದು ಆರು ವರ್ಷದಲ್ಲಿ ಖಾಲಿ, 0.3 ಮೈಕ್ರೋ ಆಂಪ್ ಆದರೆ ಇಪ್ಪತ್ತು ವರ್ಷ ದಾಟುತ್ತದೆ. ಒಂದೇ ಆಟದ ಎರಡು ಕ್ಯಾಸೆಟ್‌ಗಳಲ್ಲಿ ಒಂದು ಸತ್ತು ಇನ್ನೊಂದು ಬದುಕಿರುವುದಕ್ಕೆ ಕಾರಣ ಇದೇ: ಚಿಪ್‌ನಿಂದ ಚಿಪ್‌ಗೆ ಈ ಎಳೆತ ಬೇರೆ. ಪೋಕೆಮಾನ್ ಗೋಲ್ಡ್, ಸಿಲ್ವರ್, ಕ್ರಿಸ್ಟಲ್‌ಗಳಲ್ಲಿ ಸೇವ್ ಜತೆಗೆ ಹಗಲು-ರಾತ್ರಿ ತೋರಿಸುವ ಗಡಿಯಾರವೂ ಅದೇ ಸೆಲ್ ಮೇಲೆ ಓಡುತ್ತದೆ. ಆ ಗಡಿಯಾರದ ಮಿಡಿತ ಕೊಡುವ 32.768 ಕಿಲೋಹರ್ಟ್ಸ್ ಸ್ಫಟಿಕ ಒಂದು ಕ್ಷಣವೂ ನಿಲ್ಲುವಂತಿಲ್ಲ. ಹಾಗಾಗಿ 1998ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ರೆಡ್, ಬ್ಲೂಗಿಂತ 2000ದ ಗೋಲ್ಡ್, ಸಿಲ್ವರ್‌ಗಳೇ ಮೊದಲು ಸಾಯುವುದು ಮಾಮೂಲು.

ಸೆಲ್ ಕೊಳ್ಳುವ ಮೊದಲು, ನಿಮ್ಮ ಕ್ಯಾಸೆಟ್‌ಗೆ ಅದು ಬೇಕೇ ಎಂದು ನೋಡಿ. ಊರಲ್ಲಿ ‘ಟಿವಿ ಗೇಮ್’ ಎಂದು ಓಡಿದ ಎಂಟು ಬಿಟ್ ನಕಲಿ ಕನ್ಸೋಲ್‌ಗಳ ಹಳದಿ ಕ್ಯಾಸೆಟ್, ಅದರ ಮೇಲೆ ‘9999 ಇನ್ 1’ ಎಂದು ಬರೆದದ್ದು, ಬಿಚ್ಚಲೇಬೇಡಿ. ಒಳಗೆ ಕಪ್ಪು ಅಂಟಿನ ಬೊಟ್ಟು ಬಿಟ್ಟರೆ ಸಾಮಾನ್ಯವಾಗಿ ಏನೂ ಇಲ್ಲ. ಆ ಆಟಗಳು ಸೇವ್ ಮಾಡುತ್ತಲೇ ಇರಲಿಲ್ಲ, ಕಳೆದುಹೋಗಲು ಏನಿದೆ? ಗೇಮ್ ಬಾಯ್ ಅಡ್ವಾನ್ಸ್‌ನ ಪೋಕೆಮಾನ್ ರೂಬಿ, ಸಫೈರ್, ಎಮರಾಲ್ಡ್‌ಗಳಲ್ಲಿ ಸೆಲ್ ಉಂಟು, ಆದರೆ ಸೇವ್ ಇರುವುದು ಕರೆಂಟ್ ಇಲ್ಲದೆಯೂ ನೆನಪಿಡುವ 128 ಕಿಲೋಬೈಟಿನ ಫ್ಲ್ಯಾಶ್ ಚಿಪ್‌ನಲ್ಲಿ. ‘ಒಳಗಿನ ಬ್ಯಾಟರಿ ಖಾಲಿಯಾಗಿದೆ’ ಎಂದು ತೆರೆಯ ಮೇಲೆ ಬಂದರೆ ಹೆದರಬೇಡಿ, ನಿಂತಿರುವುದು ಗಡಿಯಾರ ಮಾತ್ರ. ಫೈರ್‌ರೆಡ್, ಲೀಫ್‌ಗ್ರೀನ್‌ಗಳಲ್ಲಿ ಸೆಲ್ಲೇ ಇಲ್ಲ. ನಿಂಟೆಂಡೋ 64ರಲ್ಲಿ ಸೇವ್ ಚಿಪ್‌ನ ಮೂರು ಜಾತಿ ಉಂಟು: ಸೂಪರ್ ಮಾರಿಯೋ 64ರದ್ದು ಇಇಪ್ರೋಮ್ (ಇದಕ್ಕೂ ಸೆಲ್ ಬೇಡ), ಮಜೋರಾಸ್ ಮಾಸ್ಕ್‌ನದ್ದು ಫ್ಲ್ಯಾಶ್, ಇವುಗಳಲ್ಲಿ ಒಕರಿನಾ ಆಫ್ ಟೈಮ್‌ಗೆ ಮಾತ್ರ ಸೆಲ್. ಸೆಗಾ ಸ್ಯಾಟರ್ನ್‌ನಲ್ಲಿ ಸೆಲ್ ಇರುವುದು ಕನ್ಸೋಲ್ ಹಿಂದಿನ ಮುಚ್ಚಳದೊಳಗೆ. ಅದು ಸಾಮಾನ್ಯ ಸಿಆರ್2032, ಕೈಯಲ್ಲೇ ಬದಲಿಸಬಹುದು, ಯಾವ ಕಿಟ್ಟೂ ಬೇಡ.

ಇನ್ನು ಕಿಟ್‌ನ ಸಾಮಾನುಗಳು.

ಸ್ಕ್ರೂಡ್ರೈವರ್: ಗೇಮ್ ಬಾಯ್, ಸೂಪರ್ ನಿಂಟೆಂಡೋ, ನಿಂಟೆಂಡೋ 64 ಕ್ಯಾಸೆಟ್‌ಗಳಿಗೆ ಬೇಕಾದ್ದು ಒಳಗೆ ಹಲ್ಲುಗಳಿರುವ 3.8 ಮಿ.ಮೀ. ಗೇಮ್‌ಬಿಟ್. ಜತೆಗೆ ಕೊಡುವ 4.5 ಮಿ.ಮೀ. ಬಿಟ್ ಕನ್ಸೋಲ್ ಬಿಚ್ಚಲಿಕ್ಕೆ, ಈ ಕೆಲಸಕ್ಕಲ್ಲ. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್‌ಗೆ ವೈ ಆಕಾರದ ಟ್ರೈವಿಂಗ್ ಬೇಕು. ಅಗ್ಗದ ಕಿಟ್‌ನ ಬಿಟ್‌ಗಳದ್ದು ಮೆದು ಲೋಹ. ನಮ್ಮ ಕರಾವಳಿಯ ಹವೆಯಲ್ಲಿ ಸ್ಕ್ರೂ ತುಕ್ಕು ಹಿಡಿದು ಕೂತಿರುತ್ತದೆ. ಎರಡು ಸಲ ಜಾರಿದರೆ ಬಿಟ್‌ನ ಒಳ ಹಲ್ಲು ಸವೆದು ಹೋಗುತ್ತದೆ. ಉಕ್ಕಿನ 3.8 ಬಿಟ್ ಒಂದನ್ನೇ ಬಿಡಿಯಾಗಿ ತೆಗೆದುಕೊಳ್ಳಿ. ಪ್ಲಾಸ್ಟಿಕ್ ಪೆನ್ನಿನ ತುದಿ ಕರಗಿಸಿ ಸ್ಕ್ರೂಗೆ ಒತ್ತಿ ತಿರುಗಿಸುವ ಉಪಾಯ ಎಲ್ಲೆಡೆ ಹೇಳುತ್ತಾರೆ. ತುಕ್ಕು ಹಿಡಿದ ಸ್ಕ್ರೂ ಅದಕ್ಕೆ ಜಗ್ಗುವುದಿಲ್ಲ.

ಸೆಲ್: ಕಿಟ್ ಬೇಡ ಎನ್ನುವುದಕ್ಕೆ ದೊಡ್ಡ ಕಾರಣ ಇದು. ಕಿಟ್‌ನ ಸೆಲ್‌ಗಳ ಮೇಲೆ ಬಹುಪಾಲು ತಯಾರಕರ ಹೆಸರೂ ಇರುವುದಿಲ್ಲ, ತಯಾರಾದ ತಿಂಗಳೂ ಇರುವುದಿಲ್ಲ. ಇಪ್ಪತ್ತು ವರ್ಷ ಬಾಳಬೇಕಾದ ಸಾಮಾನು ಹೀಗೆ ಅನಾಮಿಕವಾಗಿದ್ದರೆ ಹೇಗೆ ಮಾರಾಯ್ರೇ? ಪ್ಯಾನಾಸೋನಿಕ್, ಮ್ಯಾಕ್ಸೆಲ್, ಮುರಾಟಾ ಇಂಥ ಹೆಸರಿನ, ಕಾರ್ಖಾನೆಯಲ್ಲೇ ಟ್ಯಾಬ್ ಬೆಸೆದ ಸೆಲ್ ಹುಡುಕಿ. ಟ್ಯಾಬ್ ಎಂದರೆ ಸೆಲ್‌ನ ಎರಡೂ ಮುಖಕ್ಕೆ ಸ್ಪಾಟ್ ವೆಲ್ಡ್ ಮಾಡಿದ ತೆಳು ತಗಡಿನ ಕಿವಿ. ವಾಚಿನಂಗಡಿಯ ಬೋಳು ಸೆಲ್ ತಂದು ಅದರ ಮೈಗೇ ಸೋಲ್ಡರ್ ಹಾಕಿದರೆ ಒಳಗಿನ ಸೀಲು ಬಿಸಿಗೆ ಹಾಳಾಗುತ್ತದೆ, ಸೆಲ್ ಸೋರಬಹುದು, ಸಿಡಿಯಲೂಬಹುದು.

ಅಳತೆಯಲ್ಲೂ ಜಾಗ್ರತೆ ಬೇಕು. ಸಿಆರ್ ನಂತರದ ಮೊದಲ ಎರಡು ಅಂಕೆ ವ್ಯಾಸ, ಕೊನೆಯ ಎರಡು ದಪ್ಪ: 2032 ಅಂದರೆ 20 ಮಿ.ಮೀ. ಅಗಲ, 3.2 ಮಿ.ಮೀ. ದಪ್ಪ. ಸೂಪರ್ ನಿಂಟೆಂಡೋಗೆ 2032. ಗೋಲ್ಡ್, ಸಿಲ್ವರ್, ಕ್ರಿಸ್ಟಲ್‌ಗೆ 2025. ರೆಡ್, ಬ್ಲೂಗೆ ಹೆಚ್ಚಾಗಿ 1616. ರೂಬಿ, ಸಫೈರ್‌ಗೂ 1616. ಹೆಚ್ಚು ಬಾಳಲಿ ಎಂದು 2025ರ ಜಾಗಕ್ಕೆ 2032 ತುರುಕಿದರೆ ಕ್ಯಾಸೆಟ್ ಹೊಟ್ಟೆ ಉಬ್ಬಿ ಕನ್ಸೋಲ್‌ನಲ್ಲಿ ಬಿಗಿಯಾಗುತ್ತದೆ. ಬಿಚ್ಚಿ ಹಳೆಯ ಸೆಲ್ ಮೇಲಿನ ಅಂಕೆ ಓದಿ, ಆಮೇಲೆ ಆರ್ಡರ್ ಮಾಡುವುದು ಸರಿಯಾದ ಕ್ರಮ. ಕೆಲವು ಮಾರಾಟಗಾರರು ‘ರೀಚಾರ್ಜಬಲ್’ ಎಂದು ಎಲ್‌ಐಆರ್2032 ಕಳಿಸುತ್ತಾರೆ. ವಾಪಸ್ ಮಾಡಿ. ಅದು ತುಂಬಿದಾಗ 4.2 ವೋಲ್ಟ್ ಇರುತ್ತದೆ, ಸಾಮರ್ಥ್ಯ ತೀರಾ ಕಡಿಮೆ, ಕ್ಯಾಸೆಟ್‌ನಲ್ಲಿ ಅದನ್ನು ಚಾರ್ಜ್ ಮಾಡುವ ವ್ಯವಸ್ಥೆಯೂ ಇಲ್ಲ.

ಟೇಪ್: ಹಳೆಯ ಟ್ಯಾಬ್ ನಡುವೆ ಹೊಸ ಸೆಲ್ ಸಿಕ್ಕಿಸಿ ಟೇಪ್ ಸುತ್ತಿ ಎನ್ನುವ ಚೀಟಿಯೂ ಕಿಟ್ ಜತೆ ಬರುವುದುಂಟು. ಟೇಪಿನ ಅಂಟು ಇಲ್ಲಿನ ಸೆಖೆಗೆ ಜಾರುತ್ತದೆ. ಸಂಪರ್ಕ ಒಂದು ಕ್ಷಣ ತಪ್ಪಿದರೂ ಸೇವ್ ಹೋಯಿತು. ಕಿಟ್‌ನ ಐರನ್ ಬಗ್ಗೆ ಒಂದೇ ಮಾತು: ಉಷ್ಣತೆ ನಿಯಂತ್ರಣ ಇಲ್ಲದ್ದು ಬೇಡ.

ರೀಡರ್ ವಿಷಯಕ್ಕೆ ಬರುವ. ಸೆಲ್ ಕಿತ್ತ ಕೂಡಲೇ ಎಸ್‌ರ‍್ಯಾಮ್‌ನಲ್ಲಿದ್ದದ್ದು ಅಳಿಯುತ್ತದೆ. ‘ಬೇಗ ಬೇಗ ಬದಲಿಸಿದರೆ ಉಳಿಯುತ್ತದೆ’ ಎಂಬುದನ್ನು ನಂಬಿ ಕೂರುವಂತಿಲ್ಲ. ಹೊರಗಿನಿಂದ ಎರಡು ಪೆನ್ಸಿಲ್ ಸೆಲ್‌ನ 3 ವೋಲ್ಟ್ ಕೊಟ್ಟು ಬದಲಿಸುವ ದಾರಿಯೂ ಉಂಟು. ಆದರೆ ಅದು ಹಳೆಯ ಲಿಥಿಯಂ ಸೆಲ್ಲಿಗೆ ಹಿಮ್ಮುಖವಾಗಿ ಚಾರ್ಜ್ ನುಗ್ಗಿಸುತ್ತದೆ, ಒಂದು ತಂತಿ ತಪ್ಪಿ ತಾಗಿದರೂ ಕತೆ ಮುಗಿಯಿತು. ಆದ್ದರಿಂದ ಸೆಲ್‌ಗೆ ಇನ್ನೂ ಜೀವ ಇರುವಾಗಲೇ ಸೇವ್ ಇಳಿಸಿಕೊಳ್ಳಬೇಕು.

ಗೇಮ್ ಬಾಯ್ ಕುಟುಂಬಕ್ಕೆ ಎರಡು ಒಳ್ಳೆಯ ಆಯ್ಕೆ. ಎಪಿಲಾಗ್ ಕಂಪನಿಯ ಜಿಬಿ ಆಪರೇಟರ್ ಯುಎಸ್‌ಬಿ-ಸಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಸೇರುತ್ತದೆ. ಕ್ಯಾಸೆಟ್ ಚುಚ್ಚಿದರೆ ಅದರ ಪ್ಲೇಬ್ಯಾಕ್ ಆ್ಯಪ್ ಆಟವನ್ನು ಗುರುತಿಸಿ ತೋರಿಸುತ್ತದೆ, ಸೇವ್ ಇಳಿಸುವುದು, ಏರಿಸುವುದು ಎರಡೂ ಬಟನ್ ಒತ್ತಿದಷ್ಟು ಸುಲಭ. ಬೆಲೆ ಸುಮಾರು 50 ಡಾಲರ್, ಅದರ ಮೇಲೆ ಸಾಗಣೆ ಮತ್ತು ಸುಂಕ. ಒಂದು ಸೆಲ್ಲಿನ ಬೆಲೆಗೆ ಹೋಲಿಸಿದರೆ ದುಬಾರಿಯೇ, ಆದರೆ ನಾಲ್ಕಾರು ಕ್ಯಾಸೆಟ್ ಇರುವವರಿಗೆ, ಅಥವಾ ಮಣಿಪಾಲದ ಹಾಸ್ಟೆಲ್‌ನಲ್ಲಿ ಐದು ಜನ ಸೇರಿ ತೆಗೆದುಕೊಳ್ಳುವವರಿಗೆ ಇದೇ ಸರಿ. ಇನ್ನೊಂದು, ಇನ್‌ಸೈಡ್‌ಗ್ಯಾಜೆಟ್ಸ್‌ನ ಜಿಬಿಎಕ್ಸ್‌ಕಾರ್ಟ್ ಆರ್‌ಡಬ್ಲ್ಯು. ಇದರ ಜತೆ ಉಚಿತ ಫ್ಲ್ಯಾಶ್‌ಜಿಬಿಎಕ್ಸ್ ಸಾಫ್ಟ್‌ವೇರ್ ಬಳಸಿದರೆ ಹಲವು ಕ್ಯಾಸೆಟ್‌ಗಳ ಗಡಿಯಾರದ ಲೆಕ್ಕವನ್ನೂ ಸೇವ್ ಜತೆಗೇ ಉಳಿಸಬಹುದು. ನೋಡಲು ಅಂದವಿಲ್ಲ, ಕೆಲಸ ಮಾತ್ರ ಖಚಿತ. ಗೋಲ್ಡ್, ಕ್ರಿಸ್ಟಲ್ ಇರುವವರಿಗೆ ನಮ್ಮ ಶಿಫಾರಸು ಇದು. ಗೇಮ್ ಬಾಯ್ ಕ್ಯಾಸೆಟ್‌ಗೆ 5 ವೋಲ್ಟ್, ಅಡ್ವಾನ್ಸ್‌ಗೆ 3.3 ವೋಲ್ಟ್. ಕೈಯಲ್ಲಿ ಸ್ವಿಚ್ ಬದಲಿಸುವ ಹಳೆಯ ಮಾದರಿ ಸೆಕೆಂಡ್ ಹ್ಯಾಂಡ್ ಸಿಕ್ಕಿದರೆ ಪ್ರತಿ ಸಲ ಸ್ವಿಚ್ ನೋಡಿಯೇ ಕ್ಯಾಸೆಟ್ ಹಾಕಿ.

ಸೂಪರ್ ನಿಂಟೆಂಡೋ, ನಿಂಟೆಂಡೋ 64, ಸೆಗಾ ಎಲ್ಲ ಒಂದರಲ್ಲೇ ಬೇಕೆಂದರೆ ಸನ್ನಿ ಎಂಬವರ ವಿನ್ಯಾಸದ ಓಪನ್ ಸೋರ್ಸ್ ಕಾರ್ಟ್ರಿಡ್ಜ್ ರೀಡರ್ ಉಂಟು, ಆರ್ಡುಯಿನೊ ಮೆಗಾ 2560 ಎಂಬ ಬೋರ್ಡಿನ ಆಧಾರದ್ದು. ಎಲೆಕ್ಟ್ರಾನಿಕ್ಸ್ ಓದುತ್ತಿರುವವರಿಗೆ ಕಟ್ಟಲು ಒಳ್ಳೆಯ ಪ್ರಾಜೆಕ್ಟ್. ಬರೀ ಒಂದು ಸೇವ್ ಉಳಿಸಬೇಕಾದವರಿಗೆ ಅತಿಯಾಯಿತು.

ಯಾವುದೇ ರೀಡರ್ ಆಗಲಿ, ಬಳಸುವ ಕ್ರಮ ಒಂದೇ. ಮೊದಲು ಕ್ಯಾಸೆಟ್‌ನ ಚಿನ್ನದ ಬಣ್ಣದ ಪಿನ್‌ಗಳನ್ನು ಹತ್ತಿಯ ಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಒಣಗಿಸಿ. ಬಾಯಲ್ಲಿ ಊದಬೇಡಿ, ಎಂಜಲಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿದರೆ ತೆಳುವಾದ ಚಿನ್ನದ ಲೇಪವೇ ಎದ್ದು ಬರುತ್ತದೆ. ಆಮೇಲೆ ಸೇವ್ ಅನ್ನು ಮೂರು ಸಲ ಇಳಿಸಿ, ಪ್ರತಿ ಸಲ ಕ್ಯಾಸೆಟ್ ತೆಗೆದು ಹಾಕಿ. ಮೂರೂ ಫೈಲ್ ತದ್ರೂಪ ಇರಬೇಕು. ಪೋಕೆಮಾನ್ ರೆಡ್‌ನ ಫೈಲ್ 32,768 ಬೈಟ್, ರೂಬಿಯದ್ದು 1,31,072 ಬೈಟ್. ಫೈಲ್‌ಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಸಂಪರ್ಕ ಕೊಳೆಯಾಗಿದೆ ಎಂದರ್ಥ. ಅಳತೆ ಸರಿಯಿದ್ದು ಒಳಗೆಲ್ಲ ಒಂದೇ ಬೈಟ್ ಇದ್ದರೆ ಸೇವ್ ಆಗಲೇ ಹೋಗಿದೆ. ಫೈಲನ್ನು ಕಂಪ್ಯೂಟರಿನಲ್ಲೇ ಆಟ ಓಡಿಸುವ ಎಮ್ಯುಲೇಟರ್‌ನಲ್ಲಿ ತೆರೆದು ‘ಕಂಟಿನ್ಯೂ’ ಕಂಡ ಮೇಲೆಯೇ ಐರನ್ ಬಿಸಿಗಿಡಿ.

ಬದಲಾವಣೆ ಕೆಲಸ ಹೀಗೆ. ಗೇಮ್ ಬಾಯ್ ಕ್ಯಾಸೆಟ್‌ನ ಹಿಂದೆ ಒಂದೇ ಸ್ಕ್ರೂ. ಅದನ್ನು ತೆಗೆದು ಮುಂದಿನ ಹೊದಿಕೆಯನ್ನು ಕೆಳಗೆ ಸ್ವಲ್ಪ ಜಾರಿಸಿ ಎತ್ತಬೇಕು, ಮೀಟಿ ಎಬ್ಬಿಸಿದರೆ ಕೊಕ್ಕೆ ಮುರಿಯುತ್ತದೆ. ಬೋರ್ಡಿನ ಪ್ಲಸ್ ಗುರುತಿನ ಫೋಟೊ ತೆಗೆದಿಡಿ. ಐರನ್ 330ರಿಂದ 350 ಡಿಗ್ರಿಗೆ, ಉಳಿ ಮೂತಿಯ ಬಿಟ್, 60/40 ಅಥವಾ 63/37 ಸೀಸದ ಸೋಲ್ಡರ್. ಹಳೆಯ ಬೆಸುಗೆಗೆ ಮೊದಲು ಒಂದು ಹನಿ ಹೊಸ ಸೋಲ್ಡರ್ ಸೇರಿಸಿ, ಆಗ ಅದು ಬೇಗ ಕರಗುತ್ತದೆ. ಟ್ಯಾಬ್ ತಾನಾಗಿ ಏಳುವವರೆಗೆ ಕಾಯಿರಿ. ಮೈನಸ್ ಕಡೆಯ ತಾಮ್ರ ಅಗಲ ಇರುವುದರಿಂದ ಬಿಸಿಯನ್ನು ಹೀರುತ್ತದೆ, ಅಲ್ಲಿ ಅವಸರ ಮಾಡಿ ಎಳೆದವರೇ ಪ್ಯಾಡ್ ಕಿತ್ತುಕೊಳ್ಳುವುದು. ಒಂದೊಂದು ಬೆಸುಗೆಗೆ ಮೂರು-ನಾಲ್ಕು ಸೆಕೆಂಡ್ ಸಾಕು.

ಹೊಸ ಸೆಲ್ ಬೆಸೆದ ಮೇಲೆ ಮಲ್ಟಿಮೀಟರ್ 3.2 ವೋಲ್ಟ್ ಆಸುಪಾಸು ತೋರಿಸಬೇಕು. ಹಳೆಯ ಸೆಲ್ ಅಳೆಯುವಾಗ ಮೀಟರನ್ನು ಪೂರ್ತಿ ನಂಬಬೇಡಿ. ಲಿಥಿಯಂ ಸೆಲ್‌ನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಸಮವಾಗಿದ್ದು, ಕೊನೆಗೆ ಒಮ್ಮೆಲೇ ಕುಸಿಯುತ್ತದೆ. 2.9 ತೋರಿಸಿದ ಸೆಲ್ ಬಾಕಿ ಎಷ್ಟು ಉಂಟು ಎಂದು ಹೇಳುವುದಿಲ್ಲ. 2.5ಕ್ಕಿಂತ ಕೆಳಗೆ ಇದ್ದರೆ ಅವತ್ತೇ ಸೇವ್ ಇಳಿಸಿ. ಎಸ್‌ರ‍್ಯಾಮ್‌ಗಳು ಸಾಮಾನ್ಯವಾಗಿ 2 ವೋಲ್ಟಿನವರೆಗೆ ತಡೆಯುತ್ತವೆ, ನಡುವಿನ ಡಯೋಡ್, ರೆಸಿಸ್ಟರ್‌ಗಳಲ್ಲಿ ಬೀಳುವ ವೋಲ್ಟೇಜನ್ನು ಸೆಲ್ ತೋರಿಸಿದ್ದರಿಂದ ಕಳೆಯಬೇಕು.

ಘಟ್ಟದ ಮೇಲಿನವರಿಗೆ ಅಷ್ಟಾಗಿ ಕಾಡದ, ನಮ್ಮಲ್ಲಿ ಮಾತ್ರ ಹೆಚ್ಚು ಕಾಡುವ ಸಮಸ್ಯೆ ಒಂದುಂಟು. ರಿಪೇರಿ ಅಂಗಡಿಗಳಲ್ಲಿ ಡಬ್ಬಿಯ ಸೋಲ್ಡರಿಂಗ್ ಪೇಸ್ಟ್ ಬಳಸುವ ರೂಢಿ. ಅದು ಬೋರ್ಡಿನ ಮೇಲೆ ಉಳಿದರೆ, ಮಳೆಗಾಲದ ತೇವ ಸೇರಿ ಪ್ಲಸ್‌ನಿಂದ ಮೈನಸ್‌ಗೆ ಕಳ್ಳದಾರಿ ಹಿಡಿಯುತ್ತದೆ. ಮೈಕ್ರೋ ಆಂಪ್ ಲೆಕ್ಕದಲ್ಲಿ ಓಡುವ ಸರ್ಕ್ಯೂಟಿಗೆ ಇಂಥ ಸೋರಿಕೆಯೇ ಬಲು ದೊಡ್ಡದು; 220 ಮಿಲಿ ಆಂಪ್ ಅವರ್ ಸೆಲ್ ಮೇಲೆ 20 ಮೈಕ್ರೋ ಆಂಪ್ ಸೋರಿದರೆ ಒಂದೂಕಾಲು ವರ್ಷಕ್ಕೆ ಖಾಲಿ. ‘ಹೊಸ ಸೆಲ್ ಹಾಕಿದ್ದೆ, ಮುಂದಿನ ಆಟಿ ತಿಂಗಳ ಮಳೆಗೆ ಮತ್ತೆ ಸತ್ತಿತು’ ಎಂಬ ದೂರಿನಲ್ಲಿ ಸೆಲ್ಲಿನಷ್ಟೇ ಈ ಪೇಸ್ಟನ್ನೂ ಅನುಮಾನಿಸಬೇಕು. ರೋಸಿನ್ ಫ್ಲಕ್ಸ್ ಮಾತ್ರ ಬಳಸಿ, ಮುಗಿದ ಮೇಲೆ ಆಲ್ಕೋಹಾಲ್ ಹಾಕಿ ಬ್ರಶ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆಯೇ ಮುಚ್ಚಿ. ಸೆಲ್ ಜತೆ ಸರಣಿಯಲ್ಲಿ ರೆಸಿಸ್ಟರ್ ಇರುವ ಬೋರ್ಡಾದರೆ ಪರೀಕ್ಷೆ ಸುಲಭ: ಅದರ ಎರಡು ತುದಿ ನಡುವಿನ ವೋಲ್ಟೇಜ್ ಅಳೆಯಿರಿ. 1 ಕಿಲೋ ಓಮ್‌ಗೆ 1 ಮಿಲಿವೋಲ್ಟ್ ಬಂದರೆ 1 ಮೈಕ್ರೋ ಆಂಪ್. ಹತ್ತು, ಇಪ್ಪತ್ತು ಮಿಲಿವೋಲ್ಟ್ ಬಂದರೆ ಮತ್ತೊಮ್ಮೆ ತೊಳೆಯಿರಿ.

ಸ್ವಂತ ಐರನ್ ಹಿಡಿಯದವರು ಹಂಪನಕಟ್ಟೆ, ಸ್ಟೇಟ್‌ಬ್ಯಾಂಕ್ ಕಡೆಯ ಅಥವಾ ಉಡುಪಿ ಬಸ್ ನಿಲ್ದಾಣದ ಸುತ್ತಿನ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಗೆ ಕೊಡಬಹುದು. ಇದಕ್ಕಿಂತ ಹತ್ತು ಪಟ್ಟು ಸೂಕ್ಷ್ಮ ಕೆಲಸ ಅವರು ದಿನವೂ ಮಾಡುತ್ತಾರೆ, ಕೈಚಳಕದ ಬಗ್ಗೆ ಸಂಶಯ ಬೇಡ. ಆದರೆ ಕ್ಯಾಸೆಟ್ ಅವರಿಗೆ ಹೊಸತು, ಮೂರು ಮಾತು ಹೇಳಿಯೇ ಕೊಡಿ. ಹಾಟ್ ಏರ್ ಬೇಡ ಅಣ್ಣ, ಐರನ್ನೇ ಸಾಕು; ಲಿಥಿಯಂ ಸೆಲ್ಲಿಗೆ ಬಿಸಿ ಗಾಳಿ ಊದುವುದು ಅಪಾಯ. ಟ್ಯಾಬ್ ಇರುವ ಈ ಸೆಲ್ಲನ್ನೇ ಹಾಕಿ, ಅಂಗಡಿಯದ್ದು ಬೇಡ. ಪೇಸ್ಟ್ ಹಾಕಬೇಡಿ, ಹಾಕಿದರೆ ತೊಳೆದು ಕೊಡಿ. ಸೇವ್ ಇಳಿಸುವ ಕೆಲಸ ಮಾತ್ರ ಅಂಗಡಿಗೆ ಹೋಗುವ ಮುಂಚೆ ನಿಮ್ಮದೇ.

ಸೆಲ್ ಗೊಡವೆಯೇ ಬೇಡ ಎನ್ನುವವರು ಎಸ್‌ರ‍್ಯಾಮ್ ಕಿತ್ತು ಎಫ್‌ರ‍್ಯಾಮ್ ಹಾಕುವುದುಂಟು; ಕರೆಂಟ್ ಇಲ್ಲದಿದ್ದರೂ ಅದು ಮರೆಯುವುದಿಲ್ಲ. ಸೆಗಾದ ಸೋನಿಕ್ 3ರಲ್ಲಿ ಕಾರ್ಖಾನೆಯಿಂದಲೇ ಎಫ್‌ರ‍್ಯಾಮ್ ಇತ್ತು, ಅದಕ್ಕೆ ಬ್ಯಾಟರಿ ಇಲ್ಲ. ಆದರೆ ಎಫ್‌ರ‍್ಯಾಮ್ ಪ್ರತಿ ಓದಿಗೂ ಚಿಪ್ಪನ್ನು ಎಬ್ಬಿಸುವ ‘ಚಿಪ್ ಎನೇಬಲ್’ ಸಂಕೇತ ಮೇಲೆ ಕೆಳಗೆ ಆಗಬೇಕು ಎನ್ನುತ್ತದೆ, ಎಲ್ಲ ಬೋರ್ಡುಗಳು ಹಾಗೆ ಮಾಡುವುದಿಲ್ಲ. ಗಡಿಯಾರ ಇರುವ ಕ್ಯಾಸೆಟ್‌ಗೆ ಹೇಗೂ ಸೆಲ್ ಬೇಕೇ ಬೇಕು. 28 ಕಾಲಿನ ಚಿಪ್ ಕೀಳುವ ಧೈರ್ಯ ಇದ್ದವರಿಗೆ ಮಾತ್ರ.

ಕೆಲಸ ಮುಗಿದ ಮೇಲೆ ಸೇವ್ ಏರಿಸಿ, ಕ್ಯಾಸೆಟ್ ಒಂದು ದಿನ ಹಾಗೇ ಬಿಟ್ಟು ಮತ್ತೆ ಇಳಿಸಿ ಹೋಲಿಸಿ. ಗೋಲ್ಡ್, ಸಿಲ್ವರ್ ಆದರೆ ಗಡಿಯಾರ ಹೊಂದಿಸಿ. ರೂಬಿ, ಸಫೈರ್‌ನಲ್ಲಿ ಹೊಸ ಸೆಲ್ ಹಾಕಿದ ಮೇಲೂ ಬೆರ‍್ರಿ ಗಿಡ ಬೆಳೆಯದೆ ನಿಂತರೆ ಬೆಸುಗೆ ತಪ್ಪಿದೆ ಎಂದುಕೊಳ್ಳಬೇಡಿ. ಗಡಿಯಾರ ಮೊದಲಿನಿಂದ ಎಣಿಸುತ್ತಿರುತ್ತದೆ, ಸೇವ್‌ನಲ್ಲಿ ಬರೆದಿಟ್ಟ ಹಳೆಯ ದಿನವನ್ನು ದಾಟುವವರೆಗೆ ಅದು ಹಾಗೇ ಇರಬಹುದು. ಕಿತ್ತ ಸೆಲ್‌ನ ಎರಡೂ ಮುಖಕ್ಕೆ ಟೇಪ್ ಅಂಟಿಸಿ ಇ-ತ್ಯಾಜ್ಯಕ್ಕೆ ಕೊಡಿ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮೇಜಿನ ಮೇಲೆ ಒಂದು ನಿಮಿಷವೂ ಬಿಡಬೇಡಿ. ನುಂಗಿದರೆ ಅನ್ನನಾಳ ಸುಡುತ್ತದೆ. ಕ್ಯಾಸೆಟ್‌ಗಳನ್ನು ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಸೆಲ್ ಹಾಕಿದ ತಿಂಗಳು, ವರ್ಷವನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಸೆಟ್ ಹೊದಿಕೆಯ ಒಳಭಾಗಕ್ಕೆ ಅಂಟಿಸಿ, ಮುಂದಿನ ಸಲ ಬಿಚ್ಚುವವರಿಗೆ ಬೇಕಾಗುತ್ತದೆ.